ಏಳನೆಯ ಅಧ್ಯಾಯ ತೆಗೆದವನು

ಸುಶೀಲಮ್ಮನವರೇ, ನಿಮ್ಮ ಆತ್ಮಕಥೆಯ ಏಳನೆಯ ಅಧ್ಯಾಯವನ್ನು ನಿಮಗೆ ಹೇಳದೆ ಕಿತ್ತುಹಾಕಿದವನು ನಾನು — ನಿಮ್ಮ ಪ್ರಕಾಶಕ. ಎರಡು ವರ್ಷವಾಯಿತು. ಅಚ್ಚಿನ ಪ್ರತಿಯಲ್ಲಿ ಅದು ಇದೆ, ನಿಜ. ಆದರೆ ಆ ಪ್ರತಿಗಳು ಮುಗಿದುಹೋಗಿವೆ, ಈಗ ಜನ ಓದುತ್ತಿರುವುದು ಇ-ಬುಕ್ ಮಾತ್ರ. ಅದರಲ್ಲಿ ಆರನೆಯ ಅಧ್ಯಾಯ ಮುಗಿದರೆ ನೇರವಾಗಿ ನಿಮ್ಮ ಮದುವೆ ಬರುತ್ತದೆ.

ಇದಕ್ಕೆಲ್ಲ ಮೂಲ ನನ್ನ ಹಾಳು ಕುತೂಹಲ. ಅಷ್ಟು ವರ್ಷ ಪುಸ್ತಕ ಮಾಡಿದೆ, ಮಾರಿದೆ. ಕೊಂಡವರು ಮನೆಗೆ ಒಯ್ದು ಓದುತ್ತಾರೋ, ಶೋಕೇಸಿನಲ್ಲಿ ಇಡುತ್ತಾರೋ — ದೇವರೇ ಬಲ್ಲ. ಕತ್ರಿಗುಪ್ಪೆಯ ಸಣ್ಣ ಕಚೇರಿಯಿಂದ ನಮ್ಮದೇ ಆ್ಯಪ್ ಶುರು ಮಾಡಿದ ಮೇಲೆ, ಯಾವ ಪುಸ್ತಕವನ್ನು ಎಲ್ಲಿಯವರೆಗೆ ಓದಿದ್ದಾರೆ ಎಂಬುದು ಪರದೆಯ ಮೇಲೆ ಕಾಣತೊಡಗಿತು. ಓದುವವರ ಕಿಟಕಿಯಲ್ಲಿ ಇಣುಕಿದ ಹಾಗೆ! ಕಾಫಿ ಆರಿಹೋದರೂ ನಾನು ಕುರ್ಚಿ ಬಿಟ್ಟೇಳುತ್ತಿರಲಿಲ್ಲ.

ನಿಮ್ಮ ಪುಸ್ತಕವನ್ನು ಸರಸರನೆ ಓದುತ್ತಿದ್ದರು — ಏಳನೆಯ ಅಧ್ಯಾಯದವರೆಗೆ. ಅಲ್ಲಿಗೆ ಬಂದು ಒಬ್ಬೊಬ್ಬರೇ ನಿಂತುಬಿಡುತ್ತಿದ್ದರು. ಯಡಿಯೂರಿನಿಂದ ಕತ್ರಿಗುಪ್ಪೆವರೆಗೆ ನೀವು ಹುಡುಗಿಯಾಗಿದ್ದಾಗ ಇದ್ದ ಹೊಲಗಳ ಹೆಸರು, ಯಾವುದು ಯಾರದ್ದು, ಯಾವುದರಲ್ಲಿ ಏನು ಬೆಳೆಯುತ್ತಿತ್ತು — ಅಷ್ಟೇ ಆ ಅಧ್ಯಾಯ. ಪುಸ್ತಕ ಮಾಡುವಾಗ ನೀವು ಕೇಳಿದ್ದು ಒಂದೇ ಮಾತು: "ಬೇರೆ ಏನ್ ಬೇಕಾದ್ರೂ ತೆಗೀರಿ ನಾಗರಾಜ್, ಇದೊಂದು ಇರ್ಲಿ. ಆ ಹೆಸ್ರೆಲ್ಲ ಗೊತ್ತಿರೋಳು ನಾನೊಬ್ಳೇ ಉಳ್ಕೊಂಡಿರೋದು."

"ಇರತ್ತಮ್ಮ," ಎಂದಿದ್ದೆ.

ಅಚ್ಚಾದ ಪುಸ್ತಕದಿಂದ ಹಾಳೆ ಹರಿದರೆ ಗುರುತಾದರೂ ಉಳಿಯುತ್ತದೆ. ಇಲ್ಲಿ — ಎರಡು ನಿಮಿಷದ ಕೆಲಸ. ತೆಗೆದರೆ ಏನಾಗುತ್ತದೆ, ನೋಡೇಬಿಡೋಣ ಎಂದುಕೊಂಡೆ. ಜನ ಕೊನೆಯ ಪುಟದವರೆಗೆ ಓದಿದರು. ನನ್ನ ಖುಷಿ ಏನು ಹೇಳಲಿ! ನಿಮಗೆ ಫೋನ್ ಮಾಡಿ, ಎಲ್ಲರೂ ಪೂರ್ತಿ ಓದುತ್ತಿದ್ದಾರೆ ಎಂದು ಕೊಚ್ಚಿಕೊಂಡೆ. "ಹೊಲದ ಹೆಸ್ರೂ ಓದ್ತಿದಾರಾ?" ಎಂದಿರಿ.

ಹೂಂ ಅಂದೆ.

ಹೋದ ವಾರ ನೀವೇ ಫೋನ್ ಮಾಡಿದಿರಿ. "ಕಣ್ಣು ಮಂಜು ಕಣ್ರೀ, ಅಚ್ಚಿನ ಅಕ್ಷರ ಕಾಣಲ್ಲ. ಆ ಟ್ಯಾಬ್‌ನಲ್ಲಾದ್ರೆ ಅಕ್ಷರ ದೊಡ್ಡದು ಮಾಡ್ಕೋಬಹುದಂತಲ್ಲ? ನನ್ ಪುಸ್ತಕ ಹಾಕ್ಕೊಡಿ."

ಮೊದಲು ಹೊಳೆದದ್ದು — ಸದ್ದಿಲ್ಲದೆ ಮತ್ತೆ ಸೇರಿಸಿಬಿಡೋಣ, ಯಾರಿಗೆ ತಿಳಿಯುತ್ತದೆ? ಹಳೆಯ ಕಡತ ತೆರೆದೆ. ಸೇರಿಸುವ ಮೊದಲು ಕಣ್ಣಾಡಿಸಲು ಹೋಗಿ ಓದುತ್ತಲೇ ಕುಳಿತೆ... ಮೂರನೆಯ ಪುಟದಲ್ಲಿ ಹುಣಸೆಮರದ ಹೊಲ. ರಾಗಿಯ ನಡುವೆ ಅವರೆ ಸಾಲು, ಮೂಲೆಯಲ್ಲಿ ಕಲ್ಲು ಕಟ್ಟಿದ ಬಾವಿ. ನೀವು ಬರೆದ ಗುರುತು ಹಿಡಿದು ಕಚೇರಿಯಿಂದ ಕೆಳಗಿಳಿದು ಹೆಜ್ಜೆ ಹಾಕಿ ನೋಡಿದೆ — ಬಾವಿ ಇದ್ದದ್ದು ನಾನು ದಿನಾ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ! ಇನ್ನೇನೇನು ಎಲ್ಲೆಲ್ಲಿತ್ತೋ ಎಂದು ಓಡಿ ಮೇಲೆ ಬಂದು, ಉಳಿದ ಪುಟಗಳನ್ನೂ ಓದಿ ಮುಗಿಸಿದೆ.

ಮೊದಲ ಸಲ ಓದಿದ್ದು. ಅದೇ ನನ್ನ ದೊಡ್ಡ ತಪ್ಪು, ಅಮ್ಮ. ಅಚ್ಚಿಗೆ ಕಳಿಸುವಾಗಲೂ ನಾನು ಆ ಅಧ್ಯಾಯವನ್ನು ಓದಿರಲಿಲ್ಲ. ಅಲ್ಲಿ ನಿಂತುಬಿಟ್ಟವರಲ್ಲಿ ಮೊದಲಿಗ ನಾನೇ — ಅದು ಯಾವ ಪರದೆಯಲ್ಲೂ ಕಾಣಲಿಲ್ಲ. ನಾಚಿಕೆಯಾಗುತ್ತಿದೆ.

ನಾಳೆ ಬೆಳಿಗ್ಗೆ ಟ್ಯಾಬ್ ಹಿಡಿದು ಯಡಿಯೂರಿಗೆ ಬರುತ್ತೇನೆ. ಅಧ್ಯಾಯವನ್ನು ಇನ್ನೂ ಸೇರಿಸಿಲ್ಲ, ಬೇಕೆಂದೇ. ಮೊದಲು ಈ ಕಾಗದವನ್ನು ನಿಮಗೆ ನಾನೇ ಓದಿ ಹೇಳುತ್ತೇನೆ. ಕೇಳಿದ ಮೇಲೂ ನೀವು ನನ್ನನ್ನು ಕೂರಗೊಟ್ಟರೆ, ನಿಮ್ಮೆದುರಿಗೇ ಅದನ್ನು ಸೇರಿಸಿ, ಒಂದು ಹೊಲವನ್ನೂ ಬಿಡದೆ ಗಟ್ಟಿಯಾಗಿ ಓದುತ್ತೇನೆ.