ಮಿಸಳ್ ಹೋಟೆಲಿನ ಸರದಿ

ಭಾನುವಾರ ಬೆಳಿಗ್ಗೆ ಠಾಣೆ ನಗರದಲ್ಲಿ, ಖಾರದ ಕಾಳಿನ ತಿಂಡಿ ಮಿಸಳ್‌ಗೆ ಹೆಸರಾದ ಹೋಟೆಲಿನ ಬಾಗಿಲಲ್ಲಿ ನಾವು ಮೂವರಿದ್ದೆವು: ಮೈಸೂರಿನಿಂದ ಊರು ನೋಡಲು ಬಂದ ಅಕ್ಕ, ಭಾವ, ಡೊಂಬಿವಲಿಯಿಂದ ಅವರನ್ನು ಕರೆತಂದ ನಾನು. ಇಲ್ಲಿ ಹೆಸರು ಬರೆಸಿ, ಕೂಗುವವರೆಗೆ ಹೊರಗೇ ಕಾಯಬೇಕು. ಅರ್ಧ ಗಂಟೆ ಕಳೆದರೂ ನಮಗಿಂತ ಮುಂದೆ ಇನ್ನೂ ಏಳು ಹೆಸರುಗಳಿದ್ದವು.

“ಇನ್ನೆಷ್ಟು ಹೊತ್ತೋ?” ಎಂದರು ಭಾವ. ಹಣೆಯೆಲ್ಲ ಬೆವರು. “ಘಮ ಬಂತಲ್ಲ, ತಟ್ಟೆನೂ ಬಂದೇಬಿಡುತ್ತೆ ಅಂತ ಆಗಲೇ ಇನ್ಸುಲಿನ್ ಚುಚ್ಕೊಂಡ್‌ಬಿಟ್ಟೆ.”

“ಅಯ್ಯೋ ರೀ, ಮದುವೆ ಮನೇಲೂ ಹೀಗೇ, ಎಲೆ ಹಾಕೋಕೆ ಮುಂಚೆ ಕೈ ತೊಳೆಯೋರು ನೀವು!” ಬೈಯುತ್ತಲೇ ಅಕ್ಕನ ದನಿ ಒಡೆಯಿತು. ಭಾವ ಗೋಡೆಗೆ ಒರಗಿದರು.

ನಾನು ಒಳಗೆ ನುಗ್ಗಿದೆ. ಪಟ್ಟಿ ಹಿಡಿದವನು “ಅಹೋ, ನಂಬರಾನೇ ಯಾ!” ಎಂದು, ಸರದಿಯಂತೆ ಬರಲು ಹೇಳಿ ತಡೆದ. “ಶುಗರ್ ಕಮೀ ಝಾಲೀ!” ಶುಗರ್ ಇಳಿದುಹೋಗಿದೆ ಎಂದು ಕೂಗಿದೆ. ಬಾಗಿಲ ಪಕ್ಕದ ಮೇಜಿನಲ್ಲಿದ್ದ ಮರಾಠಿ ಅಜ್ಜಿಯೊಬ್ಬರು ಇನ್ನೂ ತುಟಿಗೆ ತಾಗಿಸದ ತಮ್ಮ ಪಿಯೂಷ್ ಲೋಟವನ್ನು ನನ್ನ ಕೈಗಿಟ್ಟರು. ಮೊಸರು, ಕೇಸರಿ, ಧಾರಾಳ ಸಕ್ಕರೆ. ಹತ್ತು ವರ್ಷದಿಂದ ಭಾವನಿಗೆ ಸಿಹಿ ಮುಟ್ಟಗೊಡದ ಅಕ್ಕನೇ ಅದನ್ನು ಗುಟುಕು ಗುಟುಕಾಗಿ ಕುಡಿಸಿದಳು. ನಾವಿಬ್ಬರೂ ಅವರ ಮುಖವನ್ನೇ ನೋಡುತ್ತ ಕುಳಿತೆವು. ಕೊನೆಗೆ ಭಾವ ಕಣ್ಣೆತ್ತಿ, “ಇನ್ನೊಂದು ಸಿಗುತ್ತಾ ಕೇಳೋ” ಎಂದರು.

ಆಮೇಲೆ ಮಿಸಳ್ ತಿಂದೆವು. ಮರಳುವ ಲೋಕಲ್ ರೈಲಿನಲ್ಲಿ ಅಕ್ಕ ಭಾವನ ಕೈ ಹಿಡಿದಳು. ಡೊಂಬಿವಲಿಯಲ್ಲಿ ಇಳಿದ ಮೇಲೂ ಬಿಡಲಿಲ್ಲ.