ಕೇಳುವ ಬೀದಿಗೆ ಐದಕ್ಕೆ ಐದು

ಅಥವಾ ವಿನುತಾ ಅದನ್ನು ಫೋನಿನಲ್ಲಿ ಹೇಳದೆ ಎದುರಿಗೆ ಕೂತೇ ಹೇಳಿದ್ದಿರಬಹುದು. ಡೈರಿಯಲ್ಲಿ ಇರುವುದು ಎರಡೇ ಪದ: ‘ಜನ ಕೇಳ್ತಾರಾ’. ಕೊನೆಗೆ ಪ್ರಶ್ನೆಯ ಗುರುತಿಲ್ಲ. ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಮುಖ್ಯವೆನಿಸಿದ್ದಕ್ಕೆ ಎರಡು ಗೆರೆ ಎಳೆಯುವುದು ನನ್ನ ಅಭ್ಯಾಸ. ಆದರೆ ಈ ಗೆರೆಗಳನ್ನು ಅಂದೇ ಎಳೆದೆನೋ, ಎಲ್ಲ ಆದಮೇಲೆ ಎಳೆದೆನೋ ಹೇಳಲಾರೆ. ಹದಿನೇಳು ವರ್ಷ ಒಂದೇ ಬಗೆಯ ನೀಲಿ ಪೆನ್ನು ಬಳಸಿದವನಿಗೆ ಇಂಕು ನೋಡಿ ದಿನ ಪತ್ತೆ ಹಚ್ಚಲು ಆಗುವುದಿಲ್ಲ.

ಅದು 2022ರ ಮೇ ತಿಂಗಳು. ನಾನು ಹಾಸನದಲ್ಲಿ ರಿಲೊಕೇಶನ್ ಸರ್ವೆ ಕೆಲಸದಲ್ಲಿದ್ದೆ. ಹಾಗೆಂದರೆ, ಹೊರಗಿನಿಂದ ಈ ಜಿಲ್ಲೆಗೆ ಕೆಲಸಕ್ಕೆ ಬರುವವರಿಗಾಗಿ ಅವರು ಬರುವ ಮೊದಲೇ ಬೀದಿ, ಶಾಲೆಗಳನ್ನು ನೋಡಿಬಂದು ವರದಿ ಕೊಡುವುದು. ನೀರು, ಬೀದಿ ದೀಪ, ಆಸ್ಪತ್ರೆಗೆ ಎಷ್ಟು ದೂರ, ಶಾಲೆ, ಸುರಕ್ಷತೆ, ಹೀಗೆ ಒಂದೊಂದಕ್ಕೂ ಐದರಲ್ಲಿ ಅಂಕ. ವಿವರಗಳ ಹಾಳೆ ಆಫೀಸಿನಲ್ಲೇ ಉಳಿಯುತ್ತಿತ್ತು. ಕುಟುಂಬಕ್ಕೆ ಹೋಗುತ್ತಿದ್ದದ್ದು ಅಂಕಗಳಿರುವ ಒಂದು ಪುಟ ಮಾತ್ರ. ಓದುವವರಿಗೆ ಬೇಸರವಾಗಬಾರದೆಂದು ಹಾಗೆ ಮಾಡಿದವನು ನಾನೇ.

ಆ ತಿಂಗಳು ನನ್ನ ಪಾಲಿಗೆ ಬಂದವರು ವಿನುತಾ. ದಾವಣಗೆರೆಯ ಕಡೆಯವರು, ಹಾಸನದ ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ ಸೇರುವವರಿದ್ದರು. ಜೊತೆಗೆ ಒಂಬತ್ತು ವರ್ಷದ ಮಗಳು ಇಂಚರ. ಹಾಸನವೇ ಆಗಬೇಕೆಂದಿಲ್ಲ, ಬಸ್ಸಿನಲ್ಲಿ ದಿನಾ ಓಡಾಡಬಹುದಾದ ಯಾವ ಊರಾದರೂ ಸರಿ ಎಂದರು. ಎರಡನೆಯ ಬೇಡಿಕೆ, ಮಗಳನ್ನು ಮುಂದಿನ ಬೆಂಚಿನಲ್ಲಿ, ಬಲಗಿವಿ ಟೀಚರ್ ಕಡೆಗೆ ಬರುವಂತೆ ಕೂರಿಸುವ ಶಾಲೆ. ನಾನು ‘ಮುಂದಿನ ಬೆಂಚು’ ಎಂದಷ್ಟೇ ಬರೆದುಕೊಂಡೆ. ಮೂರನೆಯದು ಆ ಎರಡು ಪದ.

ನಮ್ಮ ಕಡೆ ‘ಕೇಳೋರು’ ಇದ್ದಾರೆ ಎಂದರೆ ಧೈರ್ಯ. ಕಾಯಿಲೆ ಬಿದ್ದರೆ, ಬಾಗಿಲು ತೆರೆಯದಿದ್ದರೆ, ಯಾರೋ ಗದರಿದರೆ, ಯಾಕೆ ಏನು ಎನ್ನುವ ಒಂದು ಜೀವ ಹತ್ತಿರದಲ್ಲಿದೆ ಎಂದು ಅರ್ಥ. ಗಂಡನಿಲ್ಲದೆ ಮಗುವಿನೊಂದಿಗೆ ಬರುವ ಹೆಂಗಸು ‘ಜನ ಕೇಳ್ತಾರಾ’ ಎಂದರೆ ನನ್ನ ಕಿವಿಗೆ ಬೇರೆ ಅರ್ಥ ಹೊಳೆಯಲೇ ಇಲ್ಲ. ‘ನಿಮಗೆ ಬೇಕಾದಂಥ ಬೀದಿಯನ್ನೇ ಹುಡುಕ್ತೀನಿ ಬಿಡಿ’ ಎಂದಿರಬೇಕು. ಹಾಗೆ ಎಲ್ಲರಿಗೂ ಹೇಳುತ್ತಿದ್ದೆ.

ಸುರಕ್ಷತೆ ಅಳೆಯಲು ನನ್ನದೇ ಒಂದು ಪರೀಕ್ಷೆ ಇತ್ತು. ಸಂಜೆ ನಾಲ್ಕರ ಹೊತ್ತಿಗೆ ಬೀದಿಯ ಮಧ್ಯೆ ಸುಮ್ಮನೆ ನಿಲ್ಲುವುದು, ಯಾರಾದರೂ ಬಂದು ‘ಯಾರ್ ಬೇಕಾಗಿತ್ತು?’ ಎಂದು ಕೇಳುವವರೆಗೆ ಗಡಿಯಾರ ನೋಡುವುದು. ಎಷ್ಟು ಬೇಗ ಕೇಳುತ್ತಾರೋ ಅಷ್ಟು ಹೆಚ್ಚು ಅಂಕ. ಅಪರಿಚಿತನನ್ನು ತಡೆದು ಮಾತಾಡಿಸುವ ಬೀದಿಯಲ್ಲಿ ಕಳ್ಳ ನಿಲ್ಲುವುದಿಲ್ಲ ಎನ್ನುವುದು ನನ್ನ ಲೆಕ್ಕ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದನ್ನು ಹೆಮ್ಮೆಯಿಂದ ಕಲಿಸುತ್ತಿದ್ದೆ.

ಹಾಸನದ ಹೊಸ ಬಡಾವಣೆಯೊಂದರಲ್ಲಿ ಇಪ್ಪತ್ತೈದು ನಿಮಿಷ ನಿಂತೆ. ಒಂದು ನಾಯಿ ಬಿಟ್ಟರೆ ಯಾರೂ ವಿಚಾರಿಸಲಿಲ್ಲ. ಚನ್ನರಾಯಪಟ್ಟಣದಲ್ಲಿ ಒಂಬತ್ತನೆಯ ನಿಮಿಷಕ್ಕೆ ಅಂಗಡಿಯವರೊಬ್ಬರು ‘ಏನ್ ಕೊಡ್ಲಿ ಸಾ?’ ಎಂದರು. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ತಿಳಿಯದೆ ಒಂದು ಪೊಟ್ಟಣ ಬಿಸ್ಕತ್ತು ತೆಗೆದುಕೊಂಡು ಬಂದೆ. ಅರಕಲಗೂಡಿನಲ್ಲಿ ನಾಲ್ಕು ನಿಮಿಷ. ಜಗಲಿಯ ಮೇಲಿದ್ದ ಹಿರಿಯರು, ‘ಆಗ್ಲಿಂದ ನಿಂತವ್ನೆ, ಕರೆಂಟ್ ಬಿಲ್ಲೋನೋ ಜನಗಣತಿಯೋನೋ ಕೇಳ್ಲಾ’ ಎಂದು ಒಳಗಿದ್ದವರಿಗೆ ಕೂಗಿ ಹೇಳಿದರು.

ಹೊಳೆನರಸೀಪುರದ ಆ ಬೀದಿಯಲ್ಲಿ ಎರಡು ನಿಮಿಷವೂ ಆಗಲಿಲ್ಲ. ತೊಂಬತ್ತು ಸೆಕೆಂಡ್ ಎಂದು ಹಾಳೆಯಲ್ಲಿ ಬರೆದಿದ್ದೇನೆ, ಸ್ವಲ್ಪ ಚಂದ ಮಾಡಿ ಬರೆದಿರಲೂಬಹುದು. ಮನೆಯ ಮುಂದಿನ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿದ್ದ ಜಯಮ್ಮ ಎನ್ನುವವರು ಪೆಡಲ್ ನಿಲ್ಲಿಸಿದರು.

‘ಯಾರ್ ಬೇಕಾಗಿತ್ತು?’

‘ಬಾಡಿಗೆ ಮನೆ ನೋಡೋಣ ಅಂತ ಬಂದೆ.’

‘ಮನೆ ನೋಡಾಕ್ ಬಂದೋರು ಮನೆ ನೋಡ್ಬೇಕು. ಗಡಿಯಾರ ಯಾಕ್ ನೋಡ್ತಿದ್ದೀರಾ? ಎಂಡ್ರು ಟೈಮ್ ಕೊಟ್ ಕಳ್ಸವ್ರಾ?’

ನಾನು ನಕ್ಕೆ. ಅವರು ಎದ್ದು ಬಂದು, ಎರಡು ಮನೆ ಆಚೆ ಖಾಲಿ ಇದ್ದ ಮನೆಯನ್ನು ತೋರಿಸಿ, ಮಾಲೀಕರ ಮನೆಯವರೆಗೂ ನನ್ನ ಜೊತೆ ನಡೆದರು. ಈ ಕಡೆಯವರು ದಾರಿಯನ್ನು ಕೈ ತೋರಿಸಿ ಹೇಳಿ ಸುಮ್ಮನಾಗುವುದಿಲ್ಲ, ಬಾಗಿಲ ತನಕ ಬಂದು ಬಿಟ್ಟುಹೋಗುತ್ತಾರೆ. ಹಾಳೆಯಲ್ಲಿ ಅದನ್ನೂ ಬರೆದೆ. ಸುರಕ್ಷತೆ, ಐದಕ್ಕೆ ಐದು.

ಅಲ್ಲಿಂದ ಹತ್ತು ನಿಮಿಷದ ನಡಿಗೆಯಲ್ಲಿ ಶಾಲೆ. ಶಾಲೆಯನ್ನು ಅಳೆಯುವಾಗ ನಾನು ಮುಖ್ಯವಾಗಿ ನೋಡುತ್ತಿದ್ದದ್ದು ಪಿಕಪ್ ಪಾಲಿಸಿ, ಅಂದರೆ ಶಾಲೆ ಬಿಟ್ಟಾಗ ಮಗುವನ್ನು ಯಾರ ಕೈಗೆ ಒಪ್ಪಿಸುತ್ತಾರೆ ಎನ್ನುವ ನಿಯಮ. ಇಲ್ಲಿ ಅದು ಗಟ್ಟಿಯಾಗಿತ್ತು. ಫಾರಂನಲ್ಲಿ ಬರೆದ ಇಬ್ಬರಿಗೆ ಮಾತ್ರ, ಅದೂ ಗುರುತಿನ ಚೀಟಿ ನೋಡಿ, ಸಹಿ ಹಾಕಿಸಿಕೊಂಡು. ಕೆಲಸಕ್ಕೆ ಹೋಗುವವರ ಮಕ್ಕಳನ್ನು ಸಂಜೆ ಆರೂವರೆಯ ತನಕ ಶಾಲೆಯಲ್ಲೇ ಇರಿಸಿಕೊಳ್ಳುತ್ತಿದ್ದರು. ಶಾಲೆಗೂ ಐದಕ್ಕೆ ಐದು. ವಿನುತಾ ಆ ಒಂದು ಪುಟ ನೋಡಿ ಒಪ್ಪಿದರು. ಜೂನ್ ಮೊದಲ ವಾರ ಮನೆ ಸೇರಿದರು. ಕೆಲಸಕ್ಕೆ ಹಾಜರಾಗಬೇಕಿದ್ದರಿಂದ ಶಾಲೆಯ ಫಾರಂಗೆ ಸಹಿ ಹಾಕಿ, ಜನನ ಪ್ರಮಾಣಪತ್ರದ ಜೆರಾಕ್ಸ್ ಸೇರಿಸಿ, ಕೊಟ್ಟುಬರಲು ನನಗೆ ಹೇಳಿದರು. ಶಾಲೆಯ ಗುಮಾಸ್ತರು ಅದನ್ನು ತಿರುವಿ ನೋಡಿ ‘ಕಾಲಂ ಖಾಲಿ ಬಿಟ್ರೆ ಕಂಪ್ಯೂಟರ್ ತಗಳಲ್ಲ ಸಾ’ ಎಂದದ್ದು ನೆನಪಿದೆ. ಅದರ ಮುಂದೆ ನೆನಪಿಲ್ಲ.

ಆಗಸ್ಟ್‌ನ ಒಂದು ಸಂಜೆ, ನಾಲ್ಕು ದಾಟಿತ್ತು, ವಿನುತಾ ನಮ್ಮ ಆಫೀಸಿಗೆ ಓಡಿ ಬಂದರು. ಅವರ ಲ್ಯಾಬಿನಿಂದ ಅದು ಎರಡು ರಸ್ತೆ ಆಚೆ. ಫೋನನ್ನು ನನ್ನ ಕಡೆ ಚಾಚಿದ್ದರು, ನಾನೇ ಅದಕ್ಕೆ ಉತ್ತರ ಕೊಡಬೇಕು ಎನ್ನುವಂತೆ. ಆ ತುದಿಯಲ್ಲಿ ಜಯಮ್ಮ ಇನ್ನೂ ಮಾತಾಡುತ್ತಲೇ ಇದ್ದರು.

‘ಕೇಳುಸ್ತಾ ಇನುತಮ್ಮ? ನಿಮ್ ಮನೆಯೋರ್ ಬಂದವ್ರೆ ಕಣವ್ವಾ. ಮಗೀನ್ ಕರ್ಕಂಡ್ ಬತ್ತೀನಿ ಅಂತ ಓದ್ರು. ಇಸ್ಕೂಲ್ ತಂಕ ನಾನೇ ಓಗಿ ತೋರ್ಸಿ ಬಂದೆ. ಅವ್ರಿಗೂ ಸೇರ್ಸಿ ಅನ್ನಕ್ಕಿಡ್ಲಾ?’

ನನ್ನ ಕಾರಿನಲ್ಲೇ ಹೊರಟೆವು. ಹೊಳೆನರಸೀಪುರಕ್ಕೆ ಮುಕ್ಕಾಲು ಗಂಟೆಯ ದಾರಿ. ಆ ದಾರಿಯಲ್ಲಿ ಆಕೆ ಹೇಳಿದ್ದನ್ನು ನಾನು ಇಲ್ಲಿ ಪೂರ್ತಿ ಬರೆಯುವುದಿಲ್ಲ, ಪೂರ್ತಿ ನನಗೆ ಕೇಳಿಸಲೂ ಇಲ್ಲ. ಇಂಚರಳಿಗೆ ಎಡಗಿವಿ ಕೇಳಿಸದಿರುವುದು ಹುಟ್ಟಿನಿಂದ ಬಂದದ್ದಲ್ಲ. ಅಪ್ಪನ ಒಂದು ಏಟಿಗೆ ಹೋದದ್ದು. ಮಗು ತಾಯಿಯ ಬಳಿಯೇ ಇರಬೇಕು, ಆತ ಹತ್ತಿರ ಸುಳಿಯಬಾರದು ಎನ್ನುವ ಕೋರ್ಟಿನ ಆದೇಶದ ಪ್ರತಿ ಆಕೆಯ ಕೈಚೀಲದಲ್ಲೇ ಇತ್ತು. ಶಾಲೆಗೆ ಕೊಟ್ಟಿರಲಿಲ್ಲ. ‘ಹೊಸ ಊರು, ಮೊದಲ ದಿನವೇ ಎಲ್ಲರ ಬಾಯಿಗೆ ಬೀಳೋದು ಬೇಡ ಅಂತ’ ಎಂದರು. ಆತನಿಗೆ ಊರು ಗೊತ್ತಾದದ್ದು ಹೇಗೆಂದು ಆಮೇಲೆ ಪೊಲೀಸರಿಂದ ತಿಳಿಯಿತು: ಟಿ.ಸಿ. ಕಳಿಸಿ ಎಂದು ಹೊಸ ಶಾಲೆಯವರು ಹಳೆಯ ಶಾಲೆಗೆ ಬರೆದ ಪತ್ರದಿಂದ. ಊರು ಮಾತ್ರ ಗೊತ್ತಾಗಿತ್ತು. ಶಾಲೆಯ ಸೀಲು ಸರಿಯಾಗಿ ಮೂಡಿರಲಿಲ್ಲವಂತೆ. ಮಿಕ್ಕದ್ದನ್ನು ಕೇಳಿಕೊಂಡು ಬಂದಿದ್ದ.

ದಾರಿಯಿಂದಲೇ ಶಾಲೆಗೂ ಪೊಲೀಸ್ ಠಾಣೆಗೂ ಫೋನು ಮಾಡಿದೆವು; ಮಗುವನ್ನು ಆತ ಆಗಲೇ ಕರೆದೊಯ್ದಿದ್ದ. ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಗಾಬರಿಯಾಗಿದ್ದರು. ಆದರೆ ತಪ್ಪಾಗಿದೆ ಎಂದು ಅವರಿಗೆ ಅನಿಸಿರಲಿಲ್ಲ, ಅನಿಸಬೇಕಾದ ಕಾರಣವೂ ಇರಲಿಲ್ಲ. ಫೈಲು ತೆರೆದು ನನ್ನ ಮುಂದಿಟ್ಟರು.

‘ಆಧಾರ್ ನೋಡಿದ್ದೀವಿ, ಸಹಿ ತಗೊಂಡಿದ್ದೀವಿ. ಕರೆದೊಯ್ಯೋರು ಅನ್ನೋ ಕಡೆ ತಂದೆ ಹೆಸರು ಇದೆಯಲ್ಲ ಸಾರ್. ನೀವೇ ತಂದುಕೊಟ್ಟ ಫಾರಂ.’

ಮೊದಲ ಹೆಸರು ವಿನುತಾ, ಕಪ್ಪು ಇಂಕಿನಲ್ಲಿ, ಬಾಗಿದ ಅಕ್ಷರ. ಎರಡನೆಯ ಹೆಸರು ಮಂಜುನಾಥ, ನೀಲಿ ಇಂಕು. ಆ ‘ಥ’ದ ಹೊಟ್ಟೆಯೊಳಗಿನ ಚುಕ್ಕೆ ಉದ್ದಕ್ಕೆ ಎಳೆದ ಹಾಗಿತ್ತು. ನನ್ನ ‘ಥ’ ಹಾಗೆಯೇ ಇರುತ್ತದೆ. ಚಿಕ್ಕಂದಿನಲ್ಲಿ ಅದಕ್ಕೆ ಮೇಷ್ಟ್ರಿಂದ ಬೈಸಿಕೊಂಡಿದ್ದೇನೆ.

ಒಂದು ಕ್ಷಣ, ಇದನ್ನು ಬರೆದವನು ಯಾರು ಎಂದು ನಿಜಕ್ಕೂ ಯೋಚಿಸಿದೆ. ಖಾಲಿ ಕಾಲಂ ಕಂಡರೆ ತುಂಬಿಸುವುದು ನನ್ನ ವೃತ್ತಿ. ಜನನ ಪ್ರಮಾಣಪತ್ರದಲ್ಲಿ ಹೆಸರಿತ್ತು, ಗುಮಾಸ್ತರು ಕಾಯುತ್ತಿದ್ದರು, ಆಕೆ ಅವಸರದಲ್ಲಿ ಬಿಟ್ಟಿರಬೇಕು ಎಂದುಕೊಂಡು ಬರೆದಿರಬೇಕು. ‘ಇರಬೇಕು’ ಎನ್ನುತ್ತಿದ್ದೇನೆ. ಆ ಬರವಣಿಗೆಯ ನೆನಪು ನನ್ನಲ್ಲಿ ಎಲ್ಲೂ ಇಲ್ಲ. ಅಕ್ಷರ ಮಾತ್ರ ಇದೆ.

ವಿನುತಾ ಫಾರಂ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಏನೂ ಅನ್ನಲಿಲ್ಲ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ನನ್ನ ಹೆಂಡತಿಯ ಪ್ರಕಾರ, ಆ ದಿನ ಮನೆಗೆ ಬಂದು ನಾನು ಹೇಳಿದ್ದು ಬೇರೆ: ‘ನಾನು ಬೇಕೂಂತ್ಲೇ ಖಾಲಿ ಬಿಟ್ಟಿದ್ದೆ ಸರ್’ ಎಂದು ಆಕೆ ಅಂದರಂತೆ. ಅಂದಿರಬಹುದು. ಮರೆತರೆ ನನಗೇ ಅನುಕೂಲ.

ಆರು ಗಂಟೆಗೆ ಮುಂಚೆ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಮಗು ಸಿಕ್ಕಿತು. ತಾಯಿ ಹಾಸನದಲ್ಲಿರುವುದು ತಿಳಿದು ಆತ ಆ ದಾರಿ ಬಿಟ್ಟು ಈ ಕಡೆ ಬಂದಿದ್ದ. ಮುಂದಿನ ಬಸ್ಸು ಬರುವುದರೊಳಗೆ ಪೊಲೀಸರು ಆತನನ್ನು ಅಲ್ಲೇ ತಡೆದಿದ್ದರು. ನಾವು ತಲುಪಿದಾಗ ಇಂಚರ ನಿಲ್ದಾಣದ ಕಂಟ್ರೋಲರ್ ಕೊಠಡಿಯ ಬೆಂಚಿನ ಮೇಲೆ ಕೂತಿದ್ದಳು. ಕೈಯಲ್ಲಿ ಆತ ಕೊಡಿಸಿದ್ದ ಜ್ಯೂಸಿನ ಪೊಟ್ಟಣ, ಕುಡಿದಿರಲಿಲ್ಲ. ತಾಯಿ ಎಡಗಡೆಯಿಂದ ಬಂದು ಹೆಸರು ಹಿಡಿದು ಕರೆದರು. ಮಗು ತಿರುಗಲಿಲ್ಲ. ಆಕೆ ಸುತ್ತಿ ಬಲಕ್ಕೆ ಹೋಗಿ ಮತ್ತೆ ಕರೆದರು.

ಬಸ್ಸಿನ ಕಂಡಕ್ಟರ್ ಹೇಳಿಕೆ ಕೊಡಲು ನಿಂತಿದ್ದ. ಪಾಪ, ಆತನೂ ಕೇಳಿದ್ದ. ‘ಮಗಾ ಮಂಕಾಗಿತ್ತು ಸಾ. ಯಾರವ್ವಾ ಇವ್ರು ಅಂದೆ. ಅಪ್ಪ ಅಂತು. ಟಿಕೆಟ್ ಅರ್ದೆ.’

ಇದು ನನ್ನನ್ನು ಆಗ ತಟ್ಟಿದ್ದಕ್ಕಿಂತ ಆಮೇಲೆ ಹೆಚ್ಚು ತಟ್ಟಿತು. ಬೀದಿಯಲ್ಲಿ ಕೇಳಿದ್ದರು. ಶಾಲೆಯಲ್ಲಿ ಕೇಳಿದ್ದರು. ಬಸ್ಸಿನಲ್ಲೂ ಕೇಳಿದ್ದರು. ತಾನು ಯಾರೆಂಬುದರ ಬಗ್ಗೆ ಆತ ಎಲ್ಲೂ ಒಂದು ಸುಳ್ಳು ಹೇಳಿರಲಿಲ್ಲ.

ಮಾರನೆಯ ದಿನ ಜಯಮ್ಮನ ಮನೆಗೆ ಹೋದೆ. ಯಾಕೆ ಹೋದೆನೋ. ಯಂತ್ರಕ್ಕೆ ಬಟ್ಟೆ ಹೊದಿಸಿ ಗೋಡೆಗೆ ಒರಗಿ ಕೂತಿದ್ದರು.

‘ಕೇಳ್ದೆ ಕಣ್ ಸಾ. ಕೇಳೇ ಕರ್ಕಂಡೋಗಿದ್ದು. ನೀರ್ ಕೊಟ್ಟೆ. ಮಗಳ್ ಫೋಟೋ ತೋರುಸ್ದ, ಕಣ್ಣಲ್ಲಿ ನೀರ್ ಆಕ್ಕಂಡ.’ ಸೆರಗಿನಿಂದ ಮುಖ ಒರೆಸಿಕೊಂಡು, ‘ಅಂಗಾರೆ ಕೇಳ್ದಂಗೇ ಇರ್ಬೇಕಿತ್ತಾ? ನೀವ್ ಓದ್ದೋರು, ಏಳಿ’ ಎಂದರು.

ಅವರಿಗೆ ನಾನು ಆ ಬೀದಿಯಲ್ಲಿ ಗಡಿಯಾರ ಹಿಡಿದು ನಿಂತದ್ದರ ಕಾರಣವನ್ನು ಹೇಳಲಿಲ್ಲ.

ಅದಾದ ಮೇಲೆ ನಾಲ್ಕು ವರ್ಷಕ್ಕೆ ತುಸು ಕಡಿಮೆ ಕಾಲ ಅದೇ ಕೆಲಸ ಮಾಡಿದೆ. ಬೀದಿಯಲ್ಲಿ ನಿಲ್ಲುವ ಪರೀಕ್ಷೆಯನ್ನು ಬಿಡಲಿಲ್ಲ, ಆದರೆ ಅದಕ್ಕೆ ಅಂಕ ಕೊಡುವುದನ್ನು ಬಿಟ್ಟೆ. ಏನಾಯಿತು, ಯಾರು ಏನಂದರು ಎಂದು ಬರೆದು ವಿವರದ ಹಾಳೆಗಳನ್ನೇ ಕುಟುಂಬಕ್ಕೆ ಕಳಿಸತೊಡಗಿದೆ. ಬೀದಿ ನೋಡಲು ಹೊರಡುವ ಮೊದಲು ‘ನಿಮ್ಮನ್ನು ಹುಡುಕಿಕೊಂಡು ಯಾರಾದರೂ ಬರಬಹುದೇ?’ ಎಂದು ವಿಚಾರಿಸುವುದನ್ನು ಕಲಿತೆ. ಕೆಲವರು ಸಿಟ್ಟಾದರು. ಕೆಲವರು ಎದ್ದು ಬಾಗಿಲು ಮುಚ್ಚಿ ಬಂದು ಮಾತಾಡಿದರು. ಒಂದು ಊರು ಸುರಕ್ಷಿತವೇ ಎನ್ನುವ ಪ್ರಶ್ನೆಗೆ, ಯಾರಿಗೆ ಮತ್ತು ಯಾರಿಂದ ಎಂದು ತಿಳಿಯದೆ ಉತ್ತರವಿಲ್ಲ. ಇಷ್ಟನ್ನು ಕೆಲಸ ನನಗೆ ಕಲಿಸಿತು, ಒಂದು ಮಗುವನ್ನು ಬಸ್ಸು ಹತ್ತಿಸಿದ ಮೇಲೆ.

ಖಾಲಿ ಬಿಟ್ಟ ಕಾಲಂಗಳನ್ನು ಈಗ ಖಾಲಿಯಾಗಿಯೇ ಬಿಡುತ್ತೇನೆ.

ಮಗು ಸಿಕ್ಕ ಮೇಲೆ ಹನ್ನೆರಡು ದಿನದಲ್ಲಿ ವಿನುತಾ ಮನೆ ಬಿಟ್ಟರು. ಸಾಮಾನು ಹೇರುವ ದಿನ ಬಾಗಿಲಲ್ಲಿ ನಿಂತಿದ್ದೆ. ಯಾವ ಊರಿಗೆ ಎಂದು ಆಕೆ ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳಬೇಕಿದ್ದದ್ದು ಬೇರೆ ಇತ್ತು: ‘ಜನ ಕೇಳ್ತಾರಾ’ ಎಂದಾಗ ಕೇಳುವವರು ಇರಲಿ ಎಂದಿರೋ, ಇರದಿರಲಿ ಎಂದಿರೋ? ಆಕೆಯ ದನಿ ಆ ಮಾತಿನ ಕೊನೆಗೆ ಏರಿತ್ತೋ ಇಳಿದಿತ್ತೋ ಎಂದು ನೆನಪಿಸಿಕೊಳ್ಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಒಮ್ಮೊಮ್ಮೆ ಏರಿದಂತೆ ಕೇಳಿಸುತ್ತದೆ, ಒಮ್ಮೊಮ್ಮೆ ಇಳಿದಂತೆ. ನನಗೆ ಗೊತ್ತಿಲ್ಲ.