ಅಮ್ಮನನ್ನು ಕೇಳದೆ ಕೊಟ್ಟ ಮಾತು

ಇಥಿಯೋಪಿಯಾದಲ್ಲಿ ಎರಡು ವರ್ಷ ಇಂಗ್ಲಿಷ್ ಪಾಠ ಹೇಳಿ, ೧೯೭೩ರ ಮಳೆಗಾಲದಲ್ಲಿ ರಜೆಗೆ ಬಂದಿದ್ದ ಜಯದೇವಿಗೆ ರಾಜಾಜಿನಗರದ ತನ್ನ ಮನೆಯಲ್ಲೇ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಾಗಿಲಿಗೆ ಹೋಗುವಳು, ಒಳಗೆ ಬರುವಳು, ಮಡಿಸಿಟ್ಟ ಬಟ್ಟೆಯನ್ನೇ ಮತ್ತೆ ಮಡಿಸುವಳು. "ಕಾಲಿಗೆ ಚಕ್ರ ಕಟ್ಕೊಂಡು ಬಂದಿದೀಯೇನೇ?" ಎಂದು ತಾಯಿ ಕಮಲಾಕ್ಷಮ್ಮ ರೇಗಿದರು.

ಚಕ್ರವಲ್ಲ, ಗಂಟಲಲ್ಲಿ ಒಂದು ಮಾತು ಸಿಕ್ಕಿಕೊಂಡಿತ್ತು. ಡೆಸ್ಸೆ ಊರಿನಲ್ಲಿ ಇವಳಿಗೆ ಕೋಣೆ ಕೊಟ್ಟಿದ್ದ ಮನೆಯೊಡತಿ ಅಲ್ಮಾಜ್. ಅವಳ ದೊಡ್ಡ ಮಗಳು ಹಿರುತ್ ನರ್ಸಿಂಗ್ ಓದಲು ಬೆಂಗಳೂರಿಗೆ ಬರುವವಳಿದ್ದಳು. ಹಾಸ್ಟೆಲ್ ಸಿಗುವವರೆಗೆ ಎರಡು ಮೂರು ತಿಂಗಳು ನಮ್ಮ ಮನೆಯಲ್ಲೇ ಇರಲಿ ಎಂದು ಜಯದೇವಿ ಮಾತು ಕೊಟ್ಟುಬಿಟ್ಟಿದ್ದಳು. ಅಮ್ಮನನ್ನು ಕೇಳಿರಲಿಲ್ಲ. ಲಿಂಗಪೂಜೆಯಾಗದೆ ಹನಿ ನೀರೂ ಮುಟ್ಟದ ಅಮ್ಮ. ಹಿತ್ತಲಿನ ಕೋಣೆಯನ್ನು ಮಾಂಸ ತಿನ್ನುವವರಿಗೆ ಬಾಡಿಗೆಗೂ ಕೊಡದ ಅಮ್ಮ. ಹುಡುಗಿ ಬರಲು ಇನ್ನು ಒಂಬತ್ತೇ ದಿನ.

ಡೆಸ್ಸೆಗೆ ಹೋದ ಹೊಸತರಲ್ಲಿ ಜಯದೇವಿ ಪಟ್ಟ ಪಾಡು ಒಂದೆರಡಲ್ಲ. ಶಾಲೆ ಎರಡು ಗಂಟೆಗೆ ಎಂದಿದ್ದರು. ಊಟ ಮುಗಿಸಿ, ಒಳ್ಳೆಯ ಸೀರೆ ಉಟ್ಟು ಹೋದರೆ ಇವಳ ಪಾಠಗಳೆಲ್ಲ ಮುಗಿದೇ ಹೋಗಿದ್ದವು. ಸೂರ್ಯ ಹುಟ್ಟಿದಾಗಿನಿಂದ ಗಂಟೆ ಎಣಿಸುವ ಜನ ಅವರು. ಅವರ ಎರಡು ಗಂಟೆ ಎಂದರೆ ನಮ್ಮ ಬೆಳಗಿನ ಎಂಟು. ಹೆಡ್‌ಮಾಸ್ಟರು ನಕ್ಕರು, ಇವಳು ಕೋಣೆಗೆ ಬಂದು ಅತ್ತಳು. ತರಗತಿಯಲ್ಲಿ ಅರವತ್ತು ಜನ, ಹಿಂದಿನ ಬೆಂಚಿನವರಿಗೆ ಗಡ್ಡ ಮೀಸೆ. ಊಟದ್ದೊಂದೇ ತೊಂದರೆಯಾಗಲಿಲ್ಲ. ಅಲ್ಲಿಯ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸವೆಂದು ಮಾಂಸ, ಹಾಲು ಬಿಡುತ್ತಾರೆ. ಆ ಉಪವಾಸದ ಅಡುಗೆಯನ್ನೇ, ಹುಳಿ ದೋಸೆಯಂಥ ಇಂಜೆರಾ ಮತ್ತು ಕಡಲೆಹಿಟ್ಟಿನ ಗೊಜ್ಜನ್ನು, ಅಲ್ಮಾಜ್ ವಾರವಿಡೀ ಬಡಿಸಿದಳು. ತಾನೂ ಅದನ್ನೇ ತಿಂದಳು. ಈ ಮನೆಯವರಿಗೆ ಮಾಂಸ ಅಷ್ಟಕ್ಕಷ್ಟೇ ಎಂದು ತಿಳಿದ ಜಯದೇವಿ, "ನಾನು ಹೊಂದಿಕೊಂಡುಬಿಟ್ಟೆ" ಎಂದು ಅಮ್ಮನಿಗೆ ಜಂಬದ ಕಾಗದ ಬರೆದಳು.

ಶ್ರಾವಣ ಸೋಮವಾರ ಬಡಾವಣೆಯ ಅಕ್ಕನ ಬಳಗದ ಹೆಂಗಸರು ಭಜನೆಗೆ ಬಂದರು. ಕಮಲಾಕ್ಷಮ್ಮ ಉಬ್ಬಿಹೋಗಿ, "ಅಂಥ ದೇಶದಲ್ಲಿದ್ರೂ ನನ್ನ ಮಗಳು ಆಚಾರ ಬಿಡ್ಲಿಲ್ಲ ಕಣ್ರೀ" ಎಂದರು. ಜಯದೇವಿಗೆ ತಲೆಯೆತ್ತಲಾಗಲಿಲ್ಲ. ಹೆಂಗಸರು ಹೊರಟ ಮೇಲೆ ತಡೆದುಕೊಳ್ಳಲೂ ಆಗಲಿಲ್ಲ.

"ಆಚಾರ ಉಳಿಸಿದ್ದು ನಾನಲ್ಲಮ್ಮ, ಅಲ್ಮಾಜ್. ನಾನಿದೀನಿ ಅಂತ ಎರಡು ವರ್ಷ ಆ ಒಲೆ ಮೇಲೆ ಮಾಂಸ ಇಡ್ಲಿಲ್ಲ. ಹೋದ ವರ್ಷ ಈಸ್ಟರ್‌ಗೆ ನಾನು ಊರಲ್ಲಿರ್ಲಿಲ್ಲ, ಗೊತ್ತಾಗ್ಲಿಲ್ಲ. ಈ ವರ್ಷ ನೋಡ್ತೀನಿ, ಐವತ್ತೈದು ದಿನ ಉಪವಾಸ ಮಾಡಿದ ಮಕ್ಕಳು ಹಬ್ಬದೂಟಕ್ಕೆ ಚಿಕ್ಕಮ್ಮನ ಮನೆಗೆ ಹೊರಟಿದಾರೆ! ಯಾಕೆ ಅಂದೆ. ಚಿಕ್ಕವಳು ಹೇಳಿಬಿಟ್ಳು, ಇಲ್ಲಿ ಬೇಯಿಸಿದ್ರೆ ಟೀಚರ್‌ಗೆ ಆಗಲ್ವಲ್ಲ ಅಂತ."

ಅದೇ ಉಸಿರಿನಲ್ಲಿ ಹಿರುತ್ ಬರುವುದನ್ನೂ, ತಾನು ಕೊಟ್ಟ ಮಾತನ್ನೂ ಹೇಳಿ ಮುಗಿಸಿದಳು.

"ನನ್ನನ್ನ ಒಂದು ಮಾತು ಕೇಳ್ಬಾರ್ದಾಗಿತ್ತೇನೇ?" ಕಮಲಾಕ್ಷಮ್ಮ ದಡಾರನೆ ಎದ್ದು ಅಡುಗೆಮನೆಗೆ ಹೋದರು. ಪಾತ್ರೆಗಳ ಸದ್ದು ಜೋರಾಯಿತು. ಜಯದೇವಿ ಹಜಾರದಲ್ಲಿ ಶತಪಥ ಹಾಕಿದಳು. ಅಮ್ಮ ಬೇಡವೆಂದರೆ ಅಲ್ಮಾಜ್‌ಗೆ ಯಾವ ಮುಖ ಇಟ್ಟುಕೊಂಡು ಹೇಳುವುದು? ಮುಂದಿನ ತಿಂಗಳು ಅದೇ ಮನೆಗೆ ಹೋಗಿ ಅವಳು ಬಡಿಸಿದ್ದನ್ನೇ ತಿನ್ನಬೇಕು.

ಸ್ವಲ್ಪ ಹೊತ್ತಿಗೆ ಅಮ್ಮ ಸೆರಗು ಹೊದ್ದು, ಚಪ್ಪಲಿ ಮೆಟ್ಟಿ ಹೊರಟರು.

"ಎಲ್ಲಿಗಮ್ಮಾ?"

"ಹೊಸಹಳ್ಳಿಗೆ, ಹಾಲು ಹಾಕೋ ಪಾಪಮ್ಮನ ಮನೆಗೆ. ನನ್ನ ಒಲೆ ಮೇಲಂತೂ ಈ ಜನ್ಮದಲ್ಲಿ ಆಗಲ್ಲ. ಅವರ ಮನೇಲಿ ಭಾನುವಾರ ಭಾನುವಾರ... ಅದೇ, ಮಾಡ್ತಾರಂತಲ್ಲ. ಆ ಹುಡುಗಿಗೂ ಒಂದು ತಟ್ಟೆ ಹಾಕ್ತಾರಾ ಕೇಳ್ಕೊಂಡು ಬರ್ತೀನಿ."

ಅಮ್ಮ ಗೇಟಿನ ಹತ್ತಿರ ನಿಂತು, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು:

"ಕೋಳಿ ತಿಂತಾಳಾ, ಕುರೀನಾ? ಸರಿಯಾಗಿ ಹೇಳು, ನನಗೆ ಕೇಳಿ ಅಭ್ಯಾಸ ಇಲ್ಲ."